ಕತ್ತರಿ ಯಾರದು

ಮೊದಲು ಗೊತ್ತಾಗಿದ್ದು ಹಾಲಮ್ಮನಿಗೆ,
ಅದೂ ಕಣ್ಣಿಗಿಂತ ಮುಂಚೆ ಕಿವಿಗೆ.
"ಮೂರನೇ ಶೆಡ್ಡು ಮಾತಾಡ್ತಿಲ್ರಿ ಮೇಡಂ"
ಬೆಳಿಗ್ಗೆ ಐದೂವರೆಗೆ ಫೋನು.
ಹರಿಹರದಿಂದ ಸ್ಕೂಟಿ ಹತ್ತಿ ಹೊರಟೆ.
ಅರ್ಧ ರಸ್ತೆಯುದ್ದಕ್ಕೂ ಒಣಗಲು ಹರವಿದ ಮೆಕ್ಕೆಜೋಳ;
ಅದೇ ಜೋಳ ನುಚ್ಚಾಗಿ, ಫೀಡಾಗಿ,
ಮೊಟ್ಟೆಯೊಳಗೆ ಹಳದಿಯಾಗಿ ಕೂರುವ ಸೀಮೆ ನಮ್ಮದು.

ಹನ್ನೆರಡು ಸಾವಿರ ಕೋಳಿ. ಇಷ್ಟು ಮೌನ
ಪರೀಕ್ಷೆಯ ಹಾಲಿನಲ್ಲೂ ಕೇಳಿರಲಿಲ್ಲ ನಾನು.
ಜುಟ್ಟುಗಳಿಗೆ ನೇರಳೆ ಹಣ್ಣಿನ ಬಣ್ಣ,
ಕಾಲಿನ ಪೊರೆಯಡಿ ರಕ್ತ, ಕೆಂಪು ಪೆನ್ನಿನಲ್ಲಿ ಗೀಚಿದಂತೆ.
ಒಂದು ಕೋಳಿ ಕತ್ತು ತಿರುಚಿ ತನ್ನ ಬೆನ್ನನ್ನೇ ನೋಡುತ್ತಿತ್ತು,
ಹಿಂದಿನಿಂದ ಯಾರೋ ಕರೆದ ಹಾಗೆ.
ಹಾಲಮ್ಮ ಅಂಗೈ ಚಾಚಿದಳು: ಚಿಪ್ಪಿಲ್ಲದ ಮೊಟ್ಟೆ,
ಒದ್ದೆ ಪೊರೆಯೊಳಗೆ ನಡುಗುವ ಬೆಳಕು.
"ನಿನ್ನೆ ನಾಕು. ಇವತ್ತು ಎಣಿಸ್ಲಿಲ್ಲ."

ಮಾಲೀಕ ಜಬಿವುಲ್ಲಾ ಬಾಗಿಲಲ್ಲೇ ನಿಂತು ಕೇಳಿದ:
"ಹೋದ ತಿಂಗಳು ಬರೀ ಸೀನಿದ್ವು, ಆಮೇಲೆ ಎದ್ದು ಓಡಾಡಿದ್ವು.
ಇದೂ ಅದೇನಾ?"
ಅದೇ ಇರಬಹುದು. ಅದೇ ಬೇರೆಯಾಗಿರಬಹುದು.

ಹೇಗೆ ಹೇಳಲಿ. ನಮ್ಮಪ್ಪ ಮಂಡಿಪೇಟೆಯಲ್ಲಿ ದರ್ಜಿ,
ಹೊಲಿದದ್ದು ಬಿಚ್ಚಲು ಅರ್ಧ ಬ್ಲೇಡು ಇಟ್ಟುಕೊಂಡಿರುತ್ತಿದ್ದ.
ಈ ವೈರಾಣುವಿಗೆ ಮೈತುಂಬ ಮುಳ್ಳು,
ಮುಳ್ಳುಮುಳ್ಳಿಗೂ ಒಂದೊಂದು ಹೊಲಿಗೆ;
ಅದು ಬಿಚ್ಚುವ ತನಕ
ಯಾವ ಜೀವಕೋಶದ ಒಳಗೂ ಅದರ ಆಟ ನಡೆಯದು.
ತನ್ನ ಹತ್ತಿರ ಬ್ಲೇಡಿಲ್ಲ, ಕತ್ತರಿಯಿಲ್ಲ.
ಕತ್ತರಿ ಕೋಳಿಯದು.

ಸೌಮ್ಯವಾಗಿದ್ದಾಗ ಅದರ ಹೊಲಿಗೆಗೆ ಒಪ್ಪುವ ಕತ್ತರಿ
ಗಂಟಲಲ್ಲಿ, ಕರುಳಲ್ಲಿ, ಎರಡೇ ಓಣಿಯಲ್ಲಿ.
ಅಲ್ಲೇ ಸುತ್ತಿ, ನಾಲ್ಕು ದಿನ ಸೀನಿಸಿ, ಹೊರಟುಹೋಗುತ್ತದೆ.
ಕೊಂಡಜ್ಜಿ ಕೆರೆಯ ಬಾತುಗಳ ಹೊಟ್ಟೆಯಲ್ಲಿ
ಗೋಡೆ ಗೀಚದೆ ಬಾಡಿಗೆಗಿದ್ದದ್ದೂ ಹೀಗೇ ಇರಬೇಕು.
ಆದರೆ ಇಲ್ಲಿ, ರೆಕ್ಕೆಗೆ ರೆಕ್ಕೆ ಒತ್ತುವ ಶೆಡ್ಡಿನಲ್ಲಿ
ಕೋಳಿಯಿಂದ ಕೋಳಿಗೆ ತನ್ನನ್ನೇ ನಕಲು ಮಾಡುತ್ತ ಮಾಡುತ್ತ
ಯಾವುದೋ ರಾತ್ರಿ ಕೈತಪ್ಪಿ
ಹೊಲಿಗೆಯ ಜಾಗದಲ್ಲಿ ಮೂರ್ನಾಲ್ಕು ಅಕ್ಷರ ಹೆಚ್ಚಿಗೆ ಬರೆದುಕೊಂಡಿತು.
ಅಷ್ಟೇ.
ಈಗ ಅದನ್ನು ಬಿಚ್ಚುವ ಕತ್ತರಿ ಮೈಯ ಎಲ್ಲ ಮನೆಯಲ್ಲೂ ಉಂಟು,
ಗುಂಡಿಗೆಯಲ್ಲಿ, ಮಿದುಳಲ್ಲಿ, ರಕ್ತನಾಳದ ಒಳಗೋಡೆಯಲ್ಲಿ.
ದಿನದ ಕೆಲಸಕ್ಕೆಂದು ಇಟ್ಟ ಕತ್ತರಿ,
ಅದಿಲ್ಲದೆ ಕೋಳಿಗೆ ಒಂದು ದಿನವೂ ನಡೆಯದು.
ಕೇಳಿದವರಿಗೆ ಕೊಡುತ್ತದೆ,
ಪಕ್ಕದ ಮನೆಯವರಿಗೆ ಈಳಿಗೆ ಕೊಟ್ಟ ಹಾಗೆ.

ಜಬಿವುಲ್ಲಾ ಬಹಳ ಹೊತ್ತು ಸುಮ್ಮನಿದ್ದ.
"ಅಂದ್ರೆ ಬಾತಿಂದೂ ತಪ್ಪಿಲ್ಲ, ಕೋಳೀದೂ ಇಲ್ಲ."
ಶೆಡ್ಡಿನ ಅಳತೆ ಅವನು ಕೇಳಲಿಲ್ಲ, ನಾನೂ ಎತ್ತಲಿಲ್ಲ.
ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲು ಒರೆಸಿ
ಟ್ಯೂಬಿನ ಮೇಲೆ ತಾರೀಕು ಬರೆದೆ.
ಐಸು ತುಂಬಿದ ಡಬ್ಬಿ ಭೋಪಾಲಕ್ಕೆ.
ಉತ್ತರ ಬರುವವರೆಗೆ ಯಾರೂ ಗೇಟು ದಾಟಬಾರದು ಅನ್ನುವಾಗ
ಒಂದು ಕಾಗೆ ನನ್ನ ತಲೆಯ ಮೇಲಿಂದಲೇ ದಾಟಿತು.

ಆರನೇ ದಿನ ಜೆಸಿಬಿ, ಸುಣ್ಣದ ಮೂಟೆ,
ಮುಖ ಕಾಣದ ಬಿಳಿ ಅಂಗಿಯವರು.
ಆ ಬಗ್ಗೆ ವರದಿಯಲ್ಲಿ ಬರೆದಿದ್ದೇನೆ, ಇಲ್ಲಿ ಬೇಡ.

ಸಂಜೆ ಹಾಲಮ್ಮ ಕೇಳಿದಳು:
"ಈ ಟ್ರೇ ತೊಳೀಲಾ, ಸುಡ್ಲಾ?"
ಸುಡು, ಅಂದೆ.
ಮೇಲಿನದೊಂದನ್ನು ಎತ್ತಿ ಮೊಣಕಾಲಿಗೆ ಬಡಿದು
ಧೂಳು ಕೊಡವಿ
ಮಿಕ್ಕವುಗಳ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಳು.