ಬೆರಳಗಲ ಹಿಮ

ಟೋಪಿಯ ಪಟ್ಟಿಯಲ್ಲಿ ಮೂರೇ ಅಕ್ಷರ: ಎಚ್. ಎಂ. ಎಸ್.
ಆಮೇಲೆ ಬರೀ ಕಪ್ಪು ರೇಷ್ಮೆ.
ಯುದ್ಧಕಾಲದಲ್ಲಿ ಹಡಗಿನ ಹೆಸರು
ನಾವಿಕನ ಹಣೆಯ ಮೇಲೂ ಇರಕೂಡದಂತೆ,
ಬಂದರಿನ ಹೆಂಡದಂಗಡಿಗಳಿಗೆಲ್ಲ ಕಿವಿ ಇತ್ತಂತೆ.
ಹಾಗೆ, ಹೆಸರಿರಬೇಕಿದ್ದ ಆ ಖಾಲಿಯಿಂದಲೇ
ನಾನು ಹುಡುಕತೊಡಗಿದ್ದು.

ಅಮ್ಮನ ಅಡುಗೆಮನೆಯಲ್ಲಿ, ರೇಡಿಯೋದ ಮೇಲ್ಗಡೆ,
ಐವತ್ತು ವರ್ಷ ತೂಗಿದ ಪಟ.
ಶನಿವಾರಕ್ಕೊಮ್ಮೆ ವಿನಿಗರ್ ನೀರಲ್ಲಿ ಗಾಜು ಒರೆಸುವಳು.
ಜುಲೈ ಒಂದು, ನ್ಯೂಫೌಂಡ್‌ಲ್ಯಾಂಡ್ ತನ್ನ ಸತ್ತವರನ್ನು ನೆನೆಯುವ ದಿನ,
ಚೌಕಟ್ಟಿನ ಮೂಲೆಗೆ ಸಣ್ಣ ನೀಲಿ ಹೂ ಸಿಕ್ಕಿಸಿ
"ನಿನ್ನ ಎಲಿಯಜರ್ ಮಾವ" ಎನ್ನುವಳು,
ಈಗಷ್ಟೇ ಬಾಗಿಲಲ್ಲಿ ಬೂಟು ಬಿಚ್ಚುತ್ತಿರುವವನನ್ನು ತೋರಿಸುವ ಹಾಗೆ.

ಅಮ್ಮ ಹೋದ ಮೇಲೆ ಪಟ ನನ್ನ ಪಾಲಿಗೆ ಬಂತು.
ಇಪ್ಪತ್ತಾರು ವರ್ಷ ದೋಣಿಸಾರಿಗೆಯ ಎಂಜಿನ್ ಕೋಣೆಯಲ್ಲಿದ್ದವನು ನಾನು,
ಕಾಗದದ ಗೋಜು ಗೊತ್ತಿಲ್ಲ.
ಆದರೂ ಇಂಗ್ಲೆಂಡಿನ ದಫ್ತರಕ್ಕೆ ಬರೆದೆ.
ಏಳು ತಿಂಗಳಿಗೆ ಬಂದದ್ದು ಒಂದೇ ಹಾಳೆ:
ಎಲಿಯಜರ್ ಪಿಂಕ್ಸನ್, ಸ್ಟೋಕರ್.
(ನನ್ನ ಹಾಗೆ ಕೆಳಗಿನವನು! ಬೆಂಕಿಯ ಹತ್ತಿರದವನು!)
ಕಣ್ಣು ಕಂದು. ಎತ್ತರ ಐದಡಿ ಹನ್ನೊಂದಂಗುಲ.
ಎಡ ಹೆಬ್ಬೆರಳಲ್ಲಿ ಮೀನು ಸೀಳುವ ಚೂರಿಯ ಕಲೆ.
ಫೆಬ್ರವರಿಯಲ್ಲಿ ರಜೆ, ಹನ್ನೊಂದು ದಿನ.
ಕೊನೆಯ ಅಂಕಣದಲ್ಲಿ, ನವೆಂಬರಿನ ಎದುರು,
ಡಿ. ಡಿ.
'ಬಿಡುಗಡೆ, ಮೃತ' ಅಂತ ಅದರರ್ಥ.
ಸಾಯುವುದಕ್ಕೂ ಚೀಟಿ ಬರೆದು ಕಳಿಸಿದಂತೆ.

ಪಟದಲ್ಲಿ ನಾವಿಕ ನಿಂತಿರುವ ಬಾಗಿಲು ಇನ್ನೂ ಇದೆ,
ಅಜ್ಜನ ಹಳೆಯ ಬಲೆಮನೆಯ ಬಾಗಿಲು.
ಟೇಪು ಹಿಡಿದು ಹೋದೆ.
ಅಗುಳಿಯಿಂದ ನೆತ್ತಿಗೆ, ನೆತ್ತಿಯಿಂದ ಹೊಸ್ತಿಲಿಗೆ
ಮೂರು ಸಲ ಅಳೆದೆ:
ಐದಡಿ ಮೂರು.
ಎಂಟಂಗುಲ ಎಲ್ಲಿ ಹೋಯಿತು, ಮಾವ?
ತೋಳಿನ ಬಟ್ಟೆ ಬೆರಳ ತುದಿಯನ್ನೂ ನುಂಗಿತ್ತು.
ಅದನ್ನೇಕೆ ಇಷ್ಟು ದಿನ ನಾನು ಬರೀ ಚಳಿ ಅಂದುಕೊಂಡೆ?

ಹಿಂದೆ ಏನಾದರೂ ಬರೆದಿದೆಯೇ ನೋಡೋಣವೆಂದು
ಮೊಳೆ ಕಿತ್ತು ಪಟ ಹೊರತೆಗೆದೆ.
ಹಿಂದೆ ಏನೂ ಇರಲಿಲ್ಲ.
ಇದ್ದದ್ದು ಮುಂದೆ, ಕೆಳಗೆ,
ರಟ್ಟಿನ ಅಂಚು ಇಷ್ಟು ವರ್ಷ ಮುಚ್ಚಿಟ್ಟಿದ್ದ ಬೆರಳಗಲ ಹಿಮ.
ಆ ಹಿಮದ ಮೇಲೆ ಒಂದು ನೆರಳು,
ಎರಡು ಮೊಣಕೈ ಹೊರಚಾಚಿ, ಎರಡು ಹಿಡಿಯ ಪಾತ್ರೆಯಂತೆ,
ಎದೆಗೆ ಪೆಟ್ಟಿಗೆ ಕ್ಯಾಮೆರಾ ಒತ್ತಿಕೊಂಡು ನಿಂತವನ ನೆರಳು.
ತಲೆಯ ಮೇಲೆ ಟೋಪಿ ಇಲ್ಲ.
ಕೂದಲು ಗಾಳಿಗೆ ಎದ್ದಿದೆ.

ಗ್ಯಾಂಡರಿನ ವೃದ್ಧಾಶ್ರಮದಲ್ಲಿ ಡ್ರುಸಿಲ್ಲಾ ದೊಡ್ಡಮ್ಮನಿಗೆ ತೊಂಬತ್ತಮೂರು.
ಪಟವನ್ನು ಮೂಗಿನ ತನಕ ತಂದುಕೊಂಡಳು.
ಮೊದಲು ನಕ್ಕಳು, ಹಲ್ಲಿನ ಸೆಟ್ಟು ಕೈಗೆ ಬರುವಷ್ಟು.
"ನಾನೇ ಕಣೋ ಇದು.
ಅವನು ಸ್ನಾನಕ್ಕೆ ಹೋಗಿದ್ದ, ನಾನು ಅವನ ಬಟ್ಟೆ ತೊಟ್ಟುಕೊಂಡೆ.
ಬಯ್ಯುತ್ತಾನೆ ಅಂದುಕೊಂಡರೆ
ಹೊರಗೆ ಬಾ, ಬೆಳಕಿದೆ ಅಂದ.
ನಗಬೇಡ ಡ್ರೂ, ಅಲುಗಿದರೆ ಹಾಳಾಗುತ್ತೆ ಅಂದ.
ನನ್ನ ಬಾಯಿ ನೋಡು, ಮಸುಕಾಗಿದೆ."

ಅಮ್ಮನಿಗೆ ಯಾಕೆ ಹೇಳಲಿಲ್ಲ?

ಕಿಟಕಿಯಾಚೆ ಯಾರೋ ಕಾರಿನ ಹಿಮ ಕೆರೆಯುತ್ತಿದ್ದರು.
"ಅವಳಿಗಾಗ ಆರು ವರ್ಷ.
ತಂತಿ ಬಂದ ವಾರ ಇದು ತೊಳೆದು ಬಂತು ಅಂಗಡಿಯಿಂದ.
ಅಣ್ಣ ಬಂದ, ಅಣ್ಣ ಬಂದ ಅಂತ
ಎದೆಗವುಚಿಕೊಂಡು ಮನೆಯೆಲ್ಲ ಓಡಿದಳು.
ಇನ್ನೊಂದು ಪಟ ಇದ್ದಿದ್ದರೆ ಹೇಳುತ್ತಿದ್ದೆ."
ಸ್ವಲ್ಪ ಹೊತ್ತು ಬಿಟ್ಟು:
"ಆ ರಟ್ಟಿನ ಅಂಚು ಕತ್ತರಿಸಿ ಕೂರಿಸಿದವಳೂ ನಾನೇ."

ನಲವತ್ತು ಮೈಲಿ ಕತ್ತಲಲ್ಲಿ ಕಾರು ಓಡಿಸಿಕೊಂಡು ಬಂದೆ.
ರಟ್ಟು ಒಲೆಗೆ ಹೋಯಿತು. ಪಟ ರೇಡಿಯೋದ ಮೇಲ್ಗಡೆಗೇ ಹೋಯಿತು.
ಈಗ ಅದು ಚೌಕಟ್ಟಿನಲ್ಲಿ ಸಡಿಲ,
ಯಾರಾದರೂ ಬಾಗಿಲು ಹಾಕಿದರೆ ಒಂದಿಷ್ಟು ಜಾರಿ
ಓರೆಯಾಗಿ ನಿಲ್ಲುತ್ತದೆ.
ಶನಿವಾರ ಗಾಜು ಒರೆಸುವಾಗ
ಕೆಳಗಿನ ಅಂಚಿಗೆ ಬಂದಾಗ ಮಾತ್ರ
ಕೈ ತನ್ನಷ್ಟಕ್ಕೆ ನಿಧಾನವಾಗುತ್ತದೆ,
ಕೆದರಿದ ಆ ಕೂದಲ ಮೇಲೆ.