ಹನ್ನೊಂದು ದಿನದ ನೀರು

ನಸುಕಿನ್ಯಾಗ ಅಧ್ಯಕ್ಷರ ಕಟ್ಟಿ ಮುಂದ
ಮುದಗಲ್ಲಿಗೆ ಮುದಗಲ್ಲೇ ಬಂದು ಕುಂತಿತ್ತು,
ಖಾಲಿ ಕೊಡ, ಕೈಯಾಗ ಬೇವಿನ ತಪ್ಪಲ.
ಮೇಗಳಪೇಟ್ಯಾಗ ಒಂಬತ್ತು, ಕಿಲ್ಲಾದಾಗ ನಾಕು.
ಹುಲಿಗೆಮ್ಮನ ಮೊಮ್ಮಗಳು
ಲಿಂಗಸುಗೂರು ದವಾಖಾನಿ ಮುಟ್ಟಲಿಲ್ಲ.

ಅಮರಗುಂಡಪ್ಪನವರು ಬರಿಗಾಲಾಗ ಹೊರಗ ಬಂದ್ರು.
ಕಣ್ಣು ಕೆಂಡ ಆಗಿದ್ವಂತ, ಮಂದಿ ಅಂದ್ರು.
ಮೈಕು ತರಿಸಿ, ತಮ್ಮ ದನಿಯಾಗ ತಾವೇ ತುಂಬಿದ್ರು:
"ಈ ನೀರು ಕೆಡಿಸಿದಾವ ಯಾರೇ ಇರಲಿ,
ನನ್ನ ಮನ್ಯಾಗ ಉಂಡಾವನೇ ಇರಲಿ,
ಅವಗ ಈ ಊರಾಗ ನೀರಿಲ್ಲ, ನೆಳ್ಳಿಲ್ಲ.
ಅಗಸಿ ದಾಟಿಸಿ ಬರ್ತೀನಿ, ಇದು ನನ್ನ ಆಣಿ."
ಆಟೋ ಹೊಂಟಿತು, ಓಣಿಯಿಂದ ಓಣಿಗೆ.

ಮಧ್ಯಾಹ್ನ ನನಗ ಕರಿ ಬಂತು.
ನಾ ವಾಲ್ವ್ ಹುಸೇನಪ್ಪ, ಮೂವತ್ತು ವರ್ಷದ ನೀರಗಂಟಿ.
ಎರಡೂ ಕಣ್ಣಿಗೆ ಪೊರಿ ಮುಚ್ಚೈತಿ, ಆದ್ರ
ನೆಲದಾಗಿನ ಪೈಪು ನನ್ನ ಹಿಮ್ಮಡಕ್ಕ ಗೊತ್ತು:
ಎಲ್ಲಿ ಬಾಗ್ಯಾವ, ಎಲ್ಲಿ ಸೋರತಾವ,
ಯಾವ ಜಾಯಿಂಟು ರಾತ್ರಿ ಬಿಕ್ಕತೈತಿ.

"ಹೇಳು" ಅಂದ್ರು.
"ನನಗೇನೂ ತಿಳೀದ್ರಿ" ಅಂದೆ.
"ಯಾರ ರೊಕ್ಕ ತಿಂದಿ?" ಅಂದ್ರು.
ಹಳೇ ಅಧ್ಯಕ್ಷನ ಮಂದಿ ಕೈವಾಡ ಅಂದ್ರು, ಇಂಜಿನಿಯರ್ ಅಂದ್ರು,
ನನ್ನ ಜಾತಿ ಎತ್ತಿದ್ರು ಒಂದು ಸಲ,
ಆಮ್ಯಾಲ ತಾವೇ ಸುಮ್ಮನಾದ್ರು.
ಒಳಗಿಂದ ಶರಣಮ್ಮೋರು: "ರೊಟ್ಟಿ ಆರತಾವ, ಬರ್ರಿ.
ಆ ಮುದುಕನ್ನ ಮನಿಗೆ ಕಳಸ್ರಿ. ಏನು ಕೇಳ್ತೀರಿ ಅವನ್ನ?"
ದನಿ ನಡುಗಿತು. ಅಕ್ಕಾರಿಗೆ ಆಗಲೇ ಗೊತ್ತಾಗಿತ್ತು.

ಆ ವರ್ಷ ಬೋರಿನ್ಯಾಗ ಬರೇ ಗಾಳಿ ಬರ್ತಿತ್ತು.
ಹಟ್ಟಿ ಗಣ್ಯಾಗ ಕಲ್ಲು ಸಿಡಿಸಿದ ಹುಡುಗ ಒಬ್ಬ ಬಂದ,
ನಮ್ಮೂರಾವಲ್ಲ.
ಗುಡ್ಡದ ಬಂಡಿಗಲ್ಲಿಗೆ ಕಿವಿ ಹಚ್ಚಿ, "ಇಲ್ಲಿ" ಅಂದ.
ಚಿಮ್ಮಿತು.
ಹನ್ನೊಂದು ದಿನದಾಗ ಊರಿಗೆ ಪೈಪು ಎಳದ.
ಹೆಗಲ ಮ್ಯಾಲೆ ಹೊತ್ತು ತಿರುಗಿದ್ರು ಅವನ್ನ. ಹೊತ್ತಾವರಾಗ ನಾನೂ ಇದ್ದೆ.
ಮುಂದ ಓಟು, ಕುರ್ಚಿ, ಈ ಕಟ್ಟಿ.

"ಹತ್ತನೇ ರಾತ್ರಿ ನೆನಪೈತೇನ್ರಿ?" ಅಂದೆ.
"ಕ್ವಾಟಿ ಗ್ವಾಡಿ ಹೊರಗ ಬಂಡಿಗಲ್ಲು ಅಡ್ಡ ಬಂತು.
ಸಿಡಿಸಾಕ ಇನ್ನಾ ನಾಕು ದಿನ ಬೇಕಿತ್ತು.
ಮಂದಿ ಕೊಡ ಹಿಡಕೊಂಡು ಕುಂತಿದ್ರು, ಮಕ್ಕಳು ಅಳತಿದ್ವು.
ನೀವು ಗಟಾರದ ಕಡೆ ನೋಡಿದ್ರಿ. ಆಗ ಅದೂ ಒಣಗಿತ್ತು.
'ಇದರಾಗ ಹಾಯಿಸು, ಆಮ್ಯಾಲ ತಗದ್ರಾತು' ಅಂದ್ರಿ.
ಬ್ಯಾಟರಿ ಹಿಡದಾವ ನಾನು. ಆಗ ನನಗ ಕಣ್ಣಿದ್ವು."

ಫ್ಯಾನು ತಿರುಗೋ ಸಪ್ಪಳ.
ಬೆರಳು ಮಡಚಿ ಎಣಿಸಿದ್ರು, ಸಾಲಿ ಹುಡುಗನಂಗ.
"ಹತ್ತೊಂಬತ್ತು ವರ್ಷ."
"ಹೌದ್ರಿ."
"ನೀ ನೆನಪು ಮಾಡಬೇಕಿತ್ತಲ್ಲೋ, ಹುಸೇನಪ್ಪ."
"ಎರಡು ಸಲ ಬಂದಿದ್ದೆ. ಒಂದು ಸಲ ನಿಮಗ ಸನ್ಮಾನ ನಡದಿತ್ತು."

ಸಂಜಿಗೆ ಸಲಿಕಿ ತಾವೇ ಹಿಡದ್ರು.
ಆಳು ಬಂದ್ರ ಬ್ಯಾಡ ಅಂದ್ರು.
ಎದಿಮಟ ಕುಣಿ, ಮೂಗು ಮುರಿಯೋ ನಾತ.
ಬೀಡಿನ ಪೈಪು ಕೈಗೆ ಹತ್ತಿತು. ತೂತು,
ಒಂದು ಹೆಬ್ಬಟ್ಟು ಹಿಡಸೋವಷ್ಟು.
ಹೆಬ್ಬಟ್ಟು ಇಟ್ರು. ಸಪ್ಪಳ ನಿಂತಿತು.
ತಗದ್ರು. ಬಂತು.
ಮತ್ತ ಇಟ್ರು. ಬಾಳ ಹೊತ್ತು ಹಂಗೇ ಕುಂತ್ರು.

ಆಟೋ ಅಷ್ಟೊತ್ತಿಗೆ ನಮ್ಮ ಕಡಿ ತಿರುಗಿತ್ತು.
ಅವರದೇ ದನಿ, ಜರಾ ಗರಗರ:
"ಅವಗ ಈ ಊರಾಗ ನೀರಿಲ್ಲ, ನೆಳ್ಳಿಲ್ಲ..."
"ನಿಲ್ಲಿಸಲೇನ್ರಿ?" ಅಂದೆ.
"ಬ್ಯಾಡ" ಅಂದ್ರು. "ಇನ್ನಾ ಎರಡು ಓಣಿ ಉಳದಾವ."

ಆಮ್ಯಾಲ ಕುಣಿಯಿಂದ ಮ್ಯಾಲೆ ಬರಾಕ ಕೈ ಚಾಚಿದ್ರು.
ಅಲ್ಲಿ ಇದ್ದಾವ ನಾನೊಬ್ಬನೇ.
ಕತ್ತಲ್ಯಾಗ ತಡಕಾಡಿದೆ. ಅವರೂ ತಡಕಾಡಿದ್ರು.