ಉಪಯೋಗ: ಕಡ್ಡಾಯ

ಸಂಖ್ಯೆ ೪೧೧೭. ಬರ್ಚ್ ಮರ. ಗೇಣಿಗೆ ಎರಡು ಬೆರಳು ಕಮ್ಮಿ.
ಒಂದು ತುದಿಗೆ ತೂತು, ಇನ್ನೊಂದಕ್ಕೆ ಮೂರು ಕಚ್ಚು.
ಸಿಕ್ಕಿದ್ದು: ಕಿಹ್ನು ದ್ವೀಪ.
ಕೊಟ್ಟವರು: ಒಬ್ಬ ಹೆಂಗಸು.

ಮೂವತ್ತೆಂಟನೇ ಇಸವಿಯ ದಪ್ಪ ಲೆಡ್ಜರಿನಲ್ಲಿ
ಯಾರೋ ಮೇಷ್ಟ್ರು, ಬೇಸಿಗೆ ರಜೆಯಲ್ಲಿ ಸೈಕಲ್ಲಿನ ಮೇಲೆ
ಮನೆಮನೆ ತಿರುಗಿ ಹಳತು ಕೂಡಿಸಿದವರು,
ನೇರಳೆ ಶಾಯಿಯಲ್ಲಿ ಬರೆದಿದ್ದಾರೆ: ಆಟಿಕೆ.
ಬರೆದು, ಲೇಖನಿ ಎತ್ತಿ, ಕಿಟಕಿಯಾಚೆ ನೋಡಿರಬೇಕು;
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ,
ಮೀನಿನ ಗಾಳದಂಥ ಕೊಕ್ಕೆ,
ಮತ್ತೆ ಅದ್ದಿದ ಶಾಯಿ, ತುಸು ಹೆಚ್ಚು ಕಪ್ಪು.

ಆಮೇಲೆ ರಷ್ಯನ್ ಟೈಪ್‌ರೈಟರಿನವರು ಬಂದರು.
ದ್ವೀಪವನ್ನು ಬೇರೆ ಜಿಲ್ಲೆಗೆ ಸೇರಿಸಿದರು,
'ಒಬ್ಬ ಹೆಂಗಸ'ನ್ನು 'ಜನತೆ' ಎಂದು ತಿದ್ದಿದರು.
ಕೊಕ್ಕೆಯನ್ನು ಮಾತ್ರ, ಯಾಕೋ, ಉಳಿಸಿದರು.
ರಟ್ಟು ತೂತಾಗುವಷ್ಟು ಗಟ್ಟಿ ಬಿದ್ದಿದೆ ಅದು.

ಅದನ್ನು ಕಳೆದವಳು ನಾನು.
ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ,
ರಟ್ಟು ನೋಡಿ ಕೀಲಿ ಕುಟ್ಟುವುದು, ದಿನಕ್ಕೆ ನೂರಿಪ್ಪತ್ತು ಕಾರ್ಡು.
'ಉಪಯೋಗ' ಎಂಬ ಕಾಲಮ್ಮಿಗೆ ಕೆಂಪು ನಕ್ಷತ್ರ: ಕಡ್ಡಾಯ.
ಒತ್ತಿದರೆ ಅರವತ್ತೆರಡು ಪದಗಳ ಪಟ್ಟಿ ಕೆಳಗಿಳಿಯುತ್ತದೆ,
ಬೇಸಾಯ, ಬೇಟೆ, ಮದುವೆ, ಆಟಿಕೆ, ಸಾವು.
ಅನುಮಾನಕ್ಕೆ ಅಲ್ಲಿ ಸೀಟಿರಲಿಲ್ಲ.
ಆರಿಸಿದೆ. ಎಂಟರ್. ಮುಂದಿನ ಕಾರ್ಡು.

ಮೆಟಾಡೇಟಾ ಅಂದರೇನಮ್ಮ ಎಂದು ಮಗಳು ಕೇಳಿದಾಗ
ವಸ್ತುವಿಗೆ ಬಾಯಿಲ್ಲವಲ್ಲ, ಅದರ ಪರವಾಗಿ
ನಾವು ಹೇಳುವ ಸಾಕ್ಷಿ, ಎಂದಿದ್ದೆ.
ಸುಳ್ಳು ಸಾಕ್ಷಿಗೆ ಶಿಕ್ಷೆ ಇದೆಯಾ, ಎಂದಳು.
ನಕ್ಕಿದ್ದೆ.

ಹೋದ ವರ್ಷ ತಾವೆತ್ ವರ್ಚುವಲ್ ಪ್ರದರ್ಶನ ಕಟ್ಟಿದ:
'ದ್ವೀಪದ ಬಾಲ್ಯ'.
ಹುಡುಕು ಎಂದದ್ದೇ ತಡ, ಯಂತ್ರ
'ಆಟಿಕೆ' ಎಂದಿದ್ದನ್ನೆಲ್ಲ ಬಾಚಿ ತಂದು ಸುರಿಯಿತು:
ಚಿಂದಿಬೊಂಬೆ, ಸೀಲಿನ ಎಲುಬಿನ ಬುಗುರಿ,
ನಡುವೆ ನಮ್ಮ ನಾಲ್ಕು ಸಾವಿರದ ನೂರ ಹದಿನೇಳು,
ಕಪ್ಪು ಬಯಲಲ್ಲಿ ನೆರಳಿಲ್ಲದೆ ತೇಲುತ್ತ,
ಬೆರಳಿಟ್ಟರೆ ತಿರುಗುತ್ತ.
ಲಿಸ್ಬನ್ನಿನಲ್ಲಿ ತಿರುಗಿಸಿದರು, ಒಸಾಕಾದಲ್ಲಿ ತಿರುಗಿಸಿದರು.
ಎಷ್ಟು ಸರಳ, ಎಷ್ಟು ನಿರಾಳ ಆ ಬಾಲ್ಯ
ಎಂದು ಕೊಂಡಾಡಿತು ಒಂದು ಪತ್ರಿಕೆ.

ಮಾರ್ಚ್ ತಿಂಗಳಲ್ಲಿ ಫೋನು.
ಹೆಲ್ಯು, ತೊಂಬತ್ತನಾಲ್ಕು, ಕಿಹ್ನುವಿನಿಂದ.
ಮೊಮ್ಮಗ ಪರದೆ ಹಿಡಿದು ತೋರಿಸಿದನಂತೆ.
"ಅದು ಆಟಿಕೆಯಲ್ಲ ಕಣೆ," ಎಂದಳು, ಕುಶಲವೂ ಕೇಳದೆ.
"ಅಪ್ಪ ಸೀಲ್ ಬೇಟೆಗೆ ಹೆಪ್ಪುಗಟ್ಟಿದ ಕಡಲ ಮೇಲೆ ಹೊರಟ ದಿನ
ಅಮ್ಮ ಅದನ್ನು ಕಿಟಕಿಯಲ್ಲಿಡುತ್ತಿದ್ದಳು, ತೂತು ಹೊರಗಡೆಗೆ.
ಒಂದು ಸಲ ತೆಗೆದು ಆಡಿದೆ, ದೋಣಿ ಮಾಡಿಕೊಂಡು.
ಕೆನ್ನೆಗೆ ಬಿತ್ತು.
ಅಮ್ಮ ಹೊಡೆದದ್ದು ಅದೊಂದೇ ಸಲ. ಅದಕ್ಕೇ ಗೊತ್ತು, ಆಟಿಕೆಯಲ್ಲ."

ಹಾಗಾದರೆ ಏನದು, ಎಂದೆ, ಪೆನ್ನು ಹಿಡಿದು.
ತುಂಬ ಹೊತ್ತು ಗಾಳಿಯ ಸದ್ದು, ದೂರದಲ್ಲೊಂದು ನಾಯಿ.
"ಕೇಳಲಿಲ್ಲ. ಹೊಡೆಸಿಕೊಂಡ ಮೇಲೆ ಯಾರು ಕೇಳ್ತಾರೆ?
ಅಪ್ಪ ವಾಪಸಾಗದ ವರ್ಷ ಮೇಷ್ಟ್ರು ಬಂದರು ಸೈಕಲ್ಲಿನಲ್ಲಿ.
ಅಮ್ಮ ಕೊಟ್ಟುಬಿಟ್ಟಳು."

ಫೋನಿಟ್ಟು ದಾಖಲೆ ತೆರೆದೆ.
ಕೊಟ್ಟವರು: ಜನತೆಯನ್ನು ಅಳಿಸಿ, ಮಾದ್ಲಿ.
ಉಪಯೋಗ: ಪ್ರಶ್ನೆಚಿಹ್ನೆ ಒತ್ತಿದೆ. ಕೆಂಪಾಗಿ ಗದರಿತು.
ಇನ್ನೊಮ್ಮೆ ಒತ್ತಿದೆ.
'ಕಾಯುವುದು' ಎಂಬ ಪದ ಪಟ್ಟಿಗೆ ಸೇರಬೇಕಾದರೆ
ತಾಲಿನ್ನಿನ ಸಮಿತಿ ಕೂಡಬೇಕು, ಎಲೆ ಉದುರುವ ಕಾಲಕ್ಕೆ.
ಅದೂ ನನ್ನ ಊಹೆಯೇ ತಾನೆ?
ಸದ್ಯಕ್ಕೆ: ಇತರೆ.

ಆದರೆ ಆ ಏಟನ್ನು ಯಾವ ಕಾಲಮ್ಮಿಗೆ ಹಾಕಲಿ?
ಅಳತೆ: ಇಲ್ಲ. ತೂಕ: ಇಲ್ಲ.
ಸ್ಥಿತಿ: ಉತ್ತಮ.
ಕಟ್ಟಕಡೆಗೆ 'ಷರಾ' ಎಂಬುದೊಂದಿದೆ, ಇನ್ನೂರೈವತ್ತು ಅಕ್ಷರ,
ಅದರಲ್ಲಿ ಹಿಂಡಿ ಹಿಂಡಿ ತುಂಬಿದೆ ಹೆಲ್ಯು ಅಂದದ್ದನ್ನು.
ನಾಯಿಗೆ ಜಾಗ ಸಾಲಲಿಲ್ಲ.
ಉಳಿದ ಒಂದು ಅಕ್ಷರದಲ್ಲಿ ಕೊಕ್ಕೆ ತೂಗುಹಾಕಿದೆ.

ಈಗ ನಮ್ಮ ನಲವತ್ತೊಂದು ಸಾವಿರ ವಸ್ತುಗಳ ನಡುವೆ
ಹುಡುಕುವ ಕಿಂಡಿಗೆ 'ಕೆನ್ನೆ' ಎಂದು ಹಾಕಿದರೆ
ಫಲಿತಾಂಶ: ಒಂದು.